ಬೀಗರ ಮನೆಯ ಸಂಪ್ರದಾಯ: ಮೊಬೈಲು, ಪುಸ್ತಿಕೆ, ಗ್ರಂಥಾಲಯ ಮತ್ತು ಆಯಿ

ಹೋದ ಶ್ರಾವಣದಲ್ಲಿ ನನ್ನ ತಂಗಿಯ ಮಗಳಿಗೆ ಇಂಡಿ ಕಡೆಯ ಒಂದು ಮನೆತನದಿಂದ ಕೇಳಿಕೊಂಡು ಬಂದರು. ತಂಗಿ ಮರುದಿನವೇ ಬಸ್ ಹತ್ತಿ ವಿಜಯಪುರಕ್ಕೆ ನನ್ನ ಮನೆಗೆ ಬಂದಳು. "ಅಕ್ಕಾ, ಹುಡುಗ ಛಲೋ ಅದಾನ, ಹೊಲಾ ಮನಿ ಛಲೋ ಅದಾವ. ಆದರ ಆ ಮನ್ಯಾಗ ದಿನಾ ಮೂರು ಹೊತ್ತು ಭಜನಿ ಅಂತ. ಎಲ್ಲಾರೂ ಗುರುಗಳ ಕಡಿಂದ ಜಪದ ನಾಮ ತಗೊಂಡಾರಂತ. ಇಂಚಗೇರಿ ಸಂಪ್ರದಾಯ ಅಂತಾರ. ಇವರು ಯಾವ ಪೈಕಿ? ನಾಳೆ ನಮ್ಮ ಹುಡುಗಿಗೆ ಕೊಳ್ಳಾಗಿನ ಲಿಂಗ ತಗೀ ಅಂದ್ರ ಏನ್ ಮಾಡೂದು?"

ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಇತಿಹಾಸ ಹೇಳಿದವಳು ನಾನು. ಇಂಚಗೇರಿ ನಮ್ಮ ಜಿಲ್ಲೆಯದೇ ಊರು. ಆದರೂ ಅವಳಿಗೆ ಎರಡು ಮಾತು ಹೇಳಲಾಗಲಿಲ್ಲ. ಒಂದು ವಾರದ ಗಡುವು ಕೇಳಿದೆ. ಅದು ಎರಡು ತಿಂಗಳಾಯಿತು. ಸಿಕ್ಕ ಪ್ರತಿಯೊಂದು ಆಕರಕ್ಕೂ ಮೂರೇ ಪ್ರಶ್ನೆ ಹಾಕಿದೆ: ಇದರ ಮೂಲ ಎಲ್ಲಿ? ದಿನನಿತ್ಯ ಏನು ಮಾಡುತ್ತಾರೆ? ಸೇರಿದವರು ಏನು ಬಿಡಬೇಕು?

ಮೊದಲು ಕೈಗೆ ಬಂದದ್ದು ಮೊಬೈಲು. ಈ ಸಂಪ್ರದಾಯದ ಗುರುಗಳ ಹೆಸರು ಹಿಡಿದು ಹೊರಟೆ. ಕನ್ನಡದಲ್ಲಿ 'ಸಿದ್ಧರಾಮೇಶ್ವರ ಮಹಾರಾಜ' ಎಂದು ಹುಡುಕಿದೆ, ಸೊನ್ನಲಿಗೆಯ 12ನೇ ಶತಮಾನದ ಶರಣ ಸಿದ್ಧರಾಮ ಬಂದ. 'ಸಿದ್ಧೇಶ್ವರ' ಎಂದರೆ ನಮ್ಮ ಊರಿನ ಜ್ಞಾನಯೋಗಾಶ್ರಮದ ಸ್ವಾಮಿಗಳು ಬಂದರು. 'ರಾನಡೆ' ಎಂದರೆ ಪುಣೆಯ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ. ನನಗೆ ಬೇಕಾಗಿದ್ದ ಸಿದ್ಧರಾಮೇಶ್ವರರು 1888ರಲ್ಲಿ ಸೊಲ್ಲಾಪುರದ ಹತ್ತಿರ ಪಾಥರಿಯಲ್ಲಿ ಹುಟ್ಟಿ 1936ರಲ್ಲಿ ಮುಂಬೈಯಲ್ಲಿ ತೀರಿಕೊಂಡವರು. ಬೇಕಾಗಿದ್ದ ರಾನಡೆ 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ಗುರುದೇವ ರಾನಡೆ. ಹೆಸರು ಒಂದೇ ಆದರೆ ಯಂತ್ರಕ್ಕೆ ಎಲ್ಲರೂ ಒಬ್ಬರೇ.

ಇಂಗ್ಲಿಷಿನಲ್ಲಿ ಹುಡುಕಿದಾಗ ಸರಕು ರಾಶಿ ರಾಶಿ ಬಿತ್ತು. ಆದರೆ ಆ ರಾಶಿಯ ಮಧ್ಯೆ ಇಂಚಗೇರಿಯೂ ಇಲ್ಲ, ಇಂಡಿಯೂ ಇಲ್ಲ. ಇದ್ದದ್ದು ಮುಂಬೈಯ ಬೀಡಿ ಅಂಗಡಿಕಾರ ಮಾರುತಿ ಕಾಂಬಳಿ, ಅಂದರೆ ನಿಸರ್ಗದತ್ತ ಮಹಾರಾಜರು. ಅವರು ಸಿದ್ಧರಾಮೇಶ್ವರರ ಶಿಷ್ಯರು. ಅವರ ಮರಾಠಿ ಮಾತುಗಳನ್ನು ಮಾರಿಸ್ ಫ್ರಿಡ್‌ಮನ್ ಇಂಗ್ಲಿಷಿಗೆ ತಂದು 1973ರಲ್ಲಿ ಪ್ರಕಟಿಸಿದ ಮೇಲೆ ಪರದೇಶದವರು ಅವರ ಮನೆಯ ಮಾಳಿಗೆ ಹತ್ತಲು ಶುರುಮಾಡಿದರು. ಅರ್ಧ ದಿನ ಓದಿದ ಮೇಲೆ ನಾನು ಪಿಪೀಲಿಕಾ ಮಾರ್ಗ, ವಿಹಂಗಮ ಮಾರ್ಗ ಎಂದು ಧೈರ್ಯವಾಗಿ ಮಾತಾಡಬಲ್ಲವಳಾಗಿದ್ದೆ. ನಾಮಜಪ, ಧ್ಯಾನ ಇರುವೆಯ ದಾರಿ, ನಿಧಾನ. ವಿವೇಕದಿಂದ ನೇರ ಅರಿಯುವುದು ಹಕ್ಕಿಯ ದಾರಿ. ಸಿದ್ಧರಾಮೇಶ್ವರರು ಹಿಡಿದದ್ದು ಹಕ್ಕಿಯದು. ಸರಿ. ಹಾಗಿದ್ದರೆ ಬೀಗರ ಮನೆಯಲ್ಲಿ ಮೂರು ಹೊತ್ತು ಭಜನೆ ಯಾಕೆ?

ಉತ್ತರ ಆಮೇಲೆ ಹೊಳೆಯಿತು. ಮೊಬೈಲು ಸುಳ್ಳು ಹೇಳಿರಲಿಲ್ಲ, ಬೇರೆ ಟೊಂಗೆಯ ಸುದ್ದಿ ಹೇಳಿತ್ತು. ಭಾವೂಸಾಹೇಬ ಮಹಾರಾಜರು (1843–1914) ಉಮದಿಯವರು, ಇಂಚಗೇರಿಯಲ್ಲಿ ಮಠ ಕಟ್ಟಿದವರು. ಅವರ ನಂತರ ಶಿಷ್ಯರ ಸಾಲು ಹಲವು ಕಡೆ ಒಡೆಯಿತು. ಜಿಗಜೀವಣಿಯ ಅಂಬುರಾವ ಮಹಾರಾಜರು, ಗಿರಿಮಲ್ಲೇಶ್ವರರು, ಸಿದ್ಧರಾಮೇಶ್ವರರು, ರಾನಡೆಯವರು, ಎಲ್ಲರೂ ಒಬ್ಬನೇ ಗುರುವಿನ ಮಕ್ಕಳು. ಇಂಗ್ಲಿಷಿಗೆ ಹೋದದ್ದು ಒಂದು ಟೊಂಗೆ ಮಾತ್ರ. ಅಡಿಟಿಪ್ಪಣಿಗಳನ್ನೂ ಬೆನ್ನತ್ತಿ ನೋಡಿದೆ. ಸುತ್ತಿ ಸುತ್ತಿ ಅದೇ ಟೊಂಗೆಯ ಶಿಷ್ಯರ ಶಿಷ್ಯರು ಬರೆದ ತಾಣಗಳಿಗೇ ಬಂದು ನಿಂತೆ. ಬಾಯಿ ಹತ್ತು, ಕೊರಳು ಒಂದೇ.

ಮೂಲದ ಪ್ರಶ್ನೆಗೆ ಮೊಬೈಲು ಕೊಟ್ಟ ಉತ್ತರವಂತೂ ನನ್ನ ನಿದ್ದೆ ಕೆಡಿಸಿತು. ಇದು ನವನಾಥ ಸಂಪ್ರದಾಯ, ಒಂಬತ್ತು ನಾಥರಲ್ಲಿ ಒಬ್ಬನಾದ ರೇವಣನಾಥನಿಂದ ಬಂದದ್ದು, ನಡುವೆ ಕಾಡಸಿದ್ಧ ಎಂದು ಅದರ ಹೇಳಿಕೆ. ನಮ್ಮ ಕಡೆಯ ಯಾರ ಕಿವಿಗಾದರೂ ರೇವಣ, ಸಿದ್ಧ ಎಂಬ ಎರಡು ಶಬ್ದ ಒಟ್ಟಿಗೆ ಬಿದ್ದರೆ ಮೊದಲು ನೆನಪಾಗುವುದು ವೀರಶೈವ ಪರಂಪರೆಯ ರೇವಣಸಿದ್ಧೇಶ್ವರ. ಮರಾಠಿಯವರಿಗೆ ನಾಥರ ಪಟ್ಟಿಯ ರೇವಣನಾಥ, ಕನ್ನಡದವರಿಗೆ ರೇವಣಸಿದ್ಧ. ಇಬ್ಬರೂ ಒಬ್ಬರೇ ಎನ್ನುವವರಿದ್ದಾರೆ, ಬೇರೆ ಎನ್ನುವವರೂ ಇದ್ದಾರೆ. ಇಂಗ್ಲಿಷಿನಲ್ಲಿ ಬರೆದವರಿಗೆ ಇಂಥ ಒಂದು ಪ್ರಶ್ನೆ ಇದೆ ಎಂಬುದೇ ಗೊತ್ತಾಗಿರಲಿಕ್ಕಿಲ್ಲ. ಕಾಡಸಿದ್ಧನ ವಿಷಯದಲ್ಲಿ ನಾನೇ ಎಡವಿದೆ. ಸಂಪ್ರದಾಯದ ಮೂಲಪುರುಷರಲ್ಲಿ ಕಾಡಸಿದ್ಧೇಶ್ವರರ ಹೆಸರಿದೆ. ಸಿದ್ಧರಾಮೇಶ್ವರರ ಶಿಷ್ಯರಲ್ಲೂ ಕಾಡಸಿದ್ಧೇಶ್ವರರಿದ್ದಾರೆ. ಗುರುವಿನ ಗುರುವೇ ಶಿಷ್ಯನಾದದ್ದು ಹೇಗೆ ಎಂದು ಎರಡು ದಿನ ತಲೆ ಕೆರೆದುಕೊಂಡೆ. ಅದು ಕೊಲ್ಹಾಪುರ ಹತ್ತಿರದ ಕಣೇರಿ ಸಿದ್ಧಗಿರಿ ಮಠದ ಪೀಠದ ಹೆಸರು, ಕೂತವರಿಗೆಲ್ಲ ಬರುವ ಹೆಸರು. ಶಿಷ್ಯರಾದವರು 1905ರಲ್ಲಿ ಹುಟ್ಟಿ 2001ರವರೆಗೆ ಬದುಕಿದವರು. ಮಠಗಳ ನಾಡಿನಲ್ಲಿ ಬೆಳೆದ ನನಗೇ ಇದು ತಟ್ಟನೆ ಹೊಳೆಯಲಿಲ್ಲ.

ಎರಡನೆಯದು ಪುಸ್ತಿಕೆಗಳು. ಜಾತ್ರೆ, ಸಪ್ತಾಹಗಳಲ್ಲಿ ಮಾರುವ ತೆಳು ಚರಿತ್ರೆಗಳು, ಕೆಲವು ಕನ್ನಡದಲ್ಲಿ, ಕೆಲವು ಮರಾಠಿಯಲ್ಲಿ. ಮರಾಠಿ ಮಾತು ನನಗೆ ತಿಳಿಯುತ್ತದೆ, ಓದು ಮಾತ್ರ ಎತ್ತಿನ ಬಂಡಿ. ವಿದ್ಯಾವಂತರು ಇಂಥವನ್ನು ಕಂಡರೆ ಮೂಗು ಮುರಿಯುತ್ತಾರೆ, ಮಳೆ ನಿಲ್ಲಿಸಿದ್ದು, ಸತ್ತವರು ಎದ್ದದ್ದು ಬರುತ್ತದೆಂದು. ನನಗೆ ಇವು ಮೊಬೈಲಿಗಿಂತ ಹೆಚ್ಚು ಉಪಯೋಗಕ್ಕೆ ಬಂದವು. ಪೆನ್ಸಿಲ್ ಹಿಡಿದು ಪವಾಡಗಳನ್ನೆಲ್ಲ ಕಂಸದೊಳಗೆ ಹಾಕುತ್ತ ಹೋದೆ. ಉಳಿದದ್ದು ಏನು? ಊರ ಹೆಸರುಗಳು. ಯಾರ ಸೋದರಮಾವ ಯಾರು. ಯಾವ ಊರಿಂದ ಯಾವ ಊರಿಗೆ ನಡೆದು ಹೋದರು. ಯಾರ ಮನೆಯ ಪಡಸಾಲೆಯಲ್ಲಿ ಕೂತರು. ಭಕ್ತನಿಗೆ ಗುರುವಿನ ಮಹಿಮೆ ಹೆಚ್ಚಿಸುವ ಆಸೆ ಇರಬಹುದು. ಪಡಸಾಲೆಯ ಯಜಮಾನನ ಹೆಸರು ಬದಲಿಸುವುದರಿಂದ ಅವನಿಗೆ ಸಿಗುವುದೇನೂ ಇಲ್ಲ.

ಇನ್ನೊಂದು ಗಮನಿಸಿದೆ. ಹುಟ್ಟಿದ ದಿನಕ್ಕಿಂತ ಪುಣ್ಯತಿಥಿಯನ್ನು ನಂಬಬಹುದು. ಮಗು ಹುಟ್ಟಿದಾಗ ಇದು ಮುಂದೆ ಮಹಾರಾಜನಾಗುತ್ತದೆಂದು ಯಾರು ಬರೆದಿಟ್ಟುಕೊಳ್ಳುತ್ತಾರೆ? ಸಮಾಧಿಯಾದ ತಿಥಿಗೋ, ಮರುವರ್ಷದಿಂದಲೇ ಸಪ್ತಾಹ ಶುರು. ನೂರು ವರ್ಷ ತಪ್ಪದೆ ನಡೆದ ಸಪ್ತಾಹ ಒಂದು ಶಾಸನ ಇದ್ದ ಹಾಗೆ. ತಿಥಿ ಗಟ್ಟಿ, ಇಸವಿ ಮಾತ್ರ ಪರೀಕ್ಷಿಸಬೇಕು.

ಪುಸ್ತಿಕೆಗಳ ದೋಷ ಅವು ಹೇಳುವುದರಲ್ಲಿಲ್ಲ, ನುಂಗುವುದರಲ್ಲಿದೆ. ಪ್ರತಿ ಟೊಂಗೆಯ ಪುಸ್ತಿಕೆಯಲ್ಲೂ ಗುರುಸಾಲು ಕೋಲಿನ ಹಾಗೆ ನೆಟ್ಟಗೆ ಇಳಿದು ತಮ್ಮ ಮಹಾರಾಜರ ಹತ್ತಿರ ನಿಲ್ಲುತ್ತದೆ. ಉಳಿದ ಗುರುಬಂಧುಗಳು ಮಾಯ. ಹಾಗಾಗಿ ಒಂದೇ ಪುಸ್ತಿಕೆ ಓದಿ ಕೈತೊಳೆಯಬೇಡಿ. ಒಬ್ಬರಿಗೊಬ್ಬರು ಒಪ್ಪದ ಎರಡು ಟೊಂಗೆಗಳ ಎರಡು ತನ್ನಿ. ಭಾವೂಸಾಹೇಬರ ಗುರು ನಿಂಬರಗಿ ಮಹಾರಾಜರಿಂದ ಉಮದಿಯ ಭಾವೂಸಾಹೇಬರವರೆಗೆ ಎರಡೂ ಒಂದೇ ಮಾತು ಹೇಳಿದವು. ಅಷ್ಟನ್ನು ನಾನು ಗಂಟು ಕಟ್ಟಿದೆ. ಅಲ್ಲಿಂದ ಮುಂದಿನದು ಅವರವರ ಮನೆಯ ಲೆಕ್ಕ.

ಗ್ರಂಥಾಲಯಕ್ಕೆ ಹೋದದ್ದು, ನಿಜ ಹೇಳಬೇಕೆಂದರೆ, ಇವೆಲ್ಲಕ್ಕೂ ತೀರ್ಪು ಕೊಡುವ ದೊಡ್ಡ ಪುಸ್ತಕ ಸಿಗುತ್ತದೆ ಎಂಬ ಆಸೆಯಿಂದ. ಹಳೇ ಮುಂಬಯಿ ಗೆಜೆಟಿಯರಿನ 1884ರ ಬಿಜಾಪುರ ಸಂಪುಟ ತೆಗೆದೆ. ಅದು ಜನರನ್ನು ಜಾತಿ ಜಾತಿಯಾಗಿ ವಿಂಗಡಿಸಿ ಉಡುಗೆ, ಊಟ, ಮದುವೆ ವಿವರಿಸುತ್ತದೆ. ನಿಂಬರಗಿ ಮಹಾರಾಜರು ಲಿಂಗವಂತರು, ಭಾವೂಸಾಹೇಬರು ದೇಶಪಾಂಡೆ ಮನೆತನದ ಬ್ರಾಹ್ಮಣರು. ಇಬ್ಬರನ್ನೂ ಕೂಡಿಸಿದ್ದನ್ನು ಜಾತಿಯ ಕಲಮುಗಳಲ್ಲಿ ಹುಡುಕಿ ಪ್ರಯೋಜನವಿಲ್ಲ. ಮುಚ್ಚಿಟ್ಟೆ.

ರಾನಡೆಯವರದು ಬೇರೆ ಮಾತು. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಕುಲಪತಿಯೂ ಆದವರು, 1926ರಲ್ಲಿ ಉಪನಿಷತ್ತುಗಳ ಬಗ್ಗೆ, 1933ರಲ್ಲಿ ಮಹಾರಾಷ್ಟ್ರದ ಸಂತರ ಬಗ್ಗೆ ಬರೆದ ಗ್ರಂಥಗಳಿಂದ ಹೆಸರಾದವರು. ಇಂಥವರ ಮಾತನ್ನು ನಿಷ್ಪಕ್ಷ ಸಾಕ್ಷಿ ಎಂದು ಬರೆದುಕೊಳ್ಳಲು ಹೊರಟಿದ್ದೆ. ಆಮೇಲೆ ನೆನಪಾಯಿತು: ಅವರು 1901ರಲ್ಲೇ, ಹದಿನೈದರ ಹುಡುಗ, ಭಾವೂಸಾಹೇಬರಿಂದ ನಾಮ ತೆಗೆದುಕೊಂಡವರು. ಪ್ರೊಫೆಸರರೂ ಹೌದು, ಒಳಗಿನವರೂ ಹೌದು. ಸಂತರಿಗೆ ಕಂಡ ಬಣ್ಣ, ಬೆಳಕು, ಕೇಳಿದ ನಾದ ಇವನ್ನು ಅವರು ಸಾಲುಗೂಡಿಸುವ ಶ್ರದ್ಧೆ ನೋಡಿದರೆ, ಹೊರಗೆ ನಿಂತು ಎಣಿಸಿದವರ ಬರಹ ಅದಲ್ಲ ಎಂದು ಗೊತ್ತಾಗುತ್ತದೆ. ಇದರಿಂದ ಪುಸ್ತಕದ ಬೆಲೆ ಕಡಿಮೆಯಾಗಲಿಲ್ಲ. ಈ ಸಂಪ್ರದಾಯದ ಓದಿದ ಮನುಷ್ಯ ತನ್ನ ಸಾಧನೆಯನ್ನು ಹೇಗೆ ಅರ್ಥ ಮಾಡಿಕೊಂಡ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಆಕರ ನನಗೆ ಸಿಕ್ಕಿಲ್ಲ. ತೀರ್ಪುಗಾರನೆಂದು ಕರೆಯಲು ಹೋದವರು ಸಾಕ್ಷಿ ಕಟಕಟೆಯಲ್ಲಿ ನಿಂತರು, ಅಷ್ಟೇ.

ಬಿಟ್ಟು ಬಂದವರನ್ನೂ ಕೇಳಬೇಕು ಎಂದು ಹಟ ಹಿಡಿದು ಒಬ್ಬರನ್ನು ಹುಡುಕಿದೆ. ತಾಲೂಕು ಕಚೇರಿಯಿಂದ ನಿವೃತ್ತರಾದ ಒಬ್ಬ ಕಾಕಾ. ಮೊದಲ ಅರ್ಧ ತಾಸು ಬಿಸಿಬಿಸಿ. "ಎಲ್ಲಾ ನಾಟಕ ನೋಡ್ರಿ ಅಕ್ಕೋರ, ಎಲ್ಲಾ ನಾಟಕ." ರೊಕ್ಕ ಕೇಳಿದರೇ? ಇಲ್ಲ. ಯಾರನ್ನಾದರೂ ಭೇಟಿಯಾಗಬೇಡಿ ಎಂದರೇ? ಇಲ್ಲ. ಮತ್ತೆ? ಎರಡನೇ ಚಹಾ ಬಂದ ಮೇಲೆ ಹೊರಬಿತ್ತು: ಸಪ್ತಾಹದ ಅಡಿಗೆಯ ಉಸ್ತುವಾರಿ ಇವರ ಕೈ ತಪ್ಪಿಸಿ ಇನ್ನೊಬ್ಬರಿಗೆ ಕೊಟ್ಟಿದ್ದರು. ಆದರೂ ಅವರ ಮಾತು ತಳ್ಳಿಹಾಕಲಿಲ್ಲ. ಸಿಟ್ಟಿನಲ್ಲಿದ್ದ ಮನುಷ್ಯನೇ ಆ ಎರಡು ಪ್ರಶ್ನೆಗೆ 'ಇಲ್ಲ' ಎಂದರೆ, ಹೊಗಳುವವರು ನೂರು ಸಲ ಹೇಳಿದ್ದಕ್ಕಿಂತ ಅದು ತೂಕದ್ದು. ತಂಗಿಗೆ ಮೊದಲು ಫೋನ್ ಮಾಡಿ ಹೇಳಿದ್ದು ಇದನ್ನೇ.

ಕಡೆಗೆ ನಿಂಬಾಳಕ್ಕೆ ಹೋದೆ. ಸೊಲ್ಲಾಪುರದ ರೈಲು ಹಿಡಿದರೆ ಆಶ್ರಮ ಸ್ಟೇಷನ್ನಿನ ಮಗ್ಗುಲಿಗೇ ಇದೆ. ರಾನಡೆಯವರು ಕೊನೆಯ ವರ್ಷಗಳನ್ನು ಕಳೆದು 1957ರ ಜೂನ್ 6ರಂದು ತೀರಿಕೊಂಡದ್ದು ಅಲ್ಲಿಯೇ. ಪುಸ್ತಕಗಳಲ್ಲಿ 'ಧ್ಯಾನ' ಎಂದು ಓದಿದ್ದನ್ನು ಇಲ್ಲಿ 'ನೇಮ' ಎನ್ನುತ್ತಾರೆ. "ಈಗ ನೇಮಕ್ಕ ಕುಂತಾರ, ಸ್ವಲ್ಪ ತಡೀರಿ" ಎಂದು ಬಾಗಿಲಲ್ಲಿದ್ದವರು ಹೇಳಿದರು. ಆ ಒಂದು ಶಬ್ದ ಎರಡು ತಿಂಗಳ ಓದಿನಲ್ಲಿ ಎಲ್ಲೂ ಸಿಕ್ಕಿರಲಿಲ್ಲ. ನೇಮ ಮುಗಿದ ಮೇಲೆ ಭಜನೆ: ಒಂದು ಮರಾಠಿ ಅಭಂಗ, ಅದರ ಬೆನ್ನಿಗೇ ಕನ್ನಡ ಪದ, ತಾಳ ಮುರಿಯದೆ. ಪಕ್ಕದಲ್ಲಿ ಕೂತವರು ಸಮರ್ಥ ರಾಮದಾಸರ ದಾಸಬೋಧದ ಪುಟ ಗುರುತು ಹಾಕಿ ಮುಚ್ಚಿದರು. ಇಂಗ್ಲಿಷ್ ಪುಟಗಳ ಹಕ್ಕಿ ಇಲ್ಲಿ ಹಾರುತ್ತಿರಲಿಲ್ಲ. ಇರುವೆಗಳು ಸಾಲಾಗಿ, ಸುಖವಾಗಿ ನಡೆದಿದ್ದವು.

ಆಚರಣೆಯ ಪ್ರಶ್ನೆಗೆ ಈ ಒಂದು ಬೆಳಗು ಸಾಕಾಯಿತು. ನನ್ನ ಹಾಗೆ ಹುಡುಕಲು ಹೊರಟವರಿದ್ದರೆ ಇದನ್ನು ಮೊದಲು ಮಾಡಿ, ಮೊಬೈಲನ್ನು ಕೊನೆಗಿಡಿ. ನಾನು ತಿರುಗಾಮುರುಗಾ ಮಾಡಿದೆ.

ಬರುವಾಗ ಬೀಗರಾಗಬೇಕಾದವರ ಮನೆಗೆ ಹೋದೆ. ಹುಡುಗನ ಆಯಿಗೆ ಎಪ್ಪತ್ತು ದಾಟಿದೆ. ಇಸವಿ ಕೇಳಿದರೆ ಕೈ ಅಲ್ಲಾಡಿಸುತ್ತಾಳೆ. ಭಾವೂಸಾಹೇಬರನ್ನೂ ಅಂಬುರಾಯರನ್ನೂ ಒಂದೇ ಕಾಲಕ್ಕೆ ತಂದು ಕೂಡಿಸುತ್ತಾಳೆ. "ರಾನಡೆ ಸಾಹೇಬರು ನನ್ನ ತಲೀ ಮ್ಯಾಲೆ ಕೈ ಇಟ್ಟಿದ್ರು, ಕೊಳ್ಳಾಗ ಹೂವಿನ ಹಾರ ಇತ್ತು" ಎಂದಳು. ಮನಸ್ಸಿನಲ್ಲೇ ಲೆಕ್ಕ ಹಾಕಿದೆ, ಆಗ ಇವಳಿಗೆ ಹೆಚ್ಚೆಂದರೆ ನಾಲ್ಕೈದು ವರ್ಷ.

"ಆಯಿ, ಅದು ನಿಮಗ ನೆನಪೈತೋ, ನಿಮ್ಮಪ್ಪ ಹೇಳಿದ್ದೋ?"

ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಬೊಚ್ಚುಬಾಯಿ ತೆರೆದು ನಕ್ಕಳು. "ಹಾರ ಅಪ್ಪ ಹೇಳಿದ್ದು. ಕೈ ನೆನಪೈತಿ. ಇಷ್ಟು ವರ್ಷದಾಗ ಹಿಂಗ ಯಾರೂ ಕೇಳಿರಲಿಲ್ಲ ನೋಡವ್ವಾ."

ಆ ಉತ್ತರ ಕೊಟ್ಟ ಮೇಲೆ ಅವಳ ಉಳಿದ ಮಾತಿಗೂ ನಾನು ಕಿವಿ ಕೊಟ್ಟೆ. ತಂಗಿಯ ಪ್ರಶ್ನೆಯನ್ನು ಹೇಗೆ ಎತ್ತುವುದು ಎಂದು ಮುಜುಗರಪಡುತ್ತ, ನಾಮ ತೆಗೆದುಕೊಂಡವರು ಏನೇನು ಬಿಡಬೇಕಾಗುತ್ತದೆ ಎಂದು ಸುತ್ತಿ ಬಳಸಿ ಕೇಳಿದೆ. ಆಯಿಗೆ ಸುತ್ತು ಬೇಕಾಗಿರಲಿಲ್ಲ. ಸೆರಗು ಸರಿಸಿ, ಕೊರಳಿನ ದಾರಕ್ಕೆ ಕಟ್ಟಿದ್ದ, ಸವೆದು ನುಣುಪಾದ, ಲಿಂಗ ಇಡುವ ಬೆಳ್ಳಿಯ ಕರಡಿಗೆಯನ್ನು ಅಂಗೈಯಲ್ಲಿಟ್ಟು ತೋರಿಸಿದಳು.

"ಐವತ್ತು ವರ್ಷಾತು ನಾಮ ತಗೊಂಡು. ಮುಂಜಾನೆ ಮೊದಲು ಇದರ ಪೂಜಿ, ಆಮ್ಯಾಲ ನೇಮ. ನಿಮ್ಮ ತಂಗಿಗಿ ಹೇಳ್ರಿ, ಹುಡುಗಿ ಬರೂ ಮುಂದ ತಂದಿದ್ದನ್ನ ತರಲಿ."

ಒಳಗಿನಿಂದ ಸೊಸೆ ಕರೆದಳು, ಭಜನೆಗೆ ಹೊತ್ತಾಗಿತ್ತು.