ಹಾಸನದ ಶನಿವಾರ ಸಂಜೆಯ ಧ್ಯಾನದ ಕ್ಲಾಸ್: ಕೊಟ್ಟ ದುಡ್ಡಿಗೆ ಮೋಸ ಇಲ್ಲ, ಸೊಳ್ಳೆ ಇದೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಉಳಿದ ಒಂದು ಯಾಕೆ ಕಟ್ ಆಯಿತು ಅಂತ ಕೆಳಗೆ ಬರೆದಿದ್ದೇನೆ.

ಸಾಲಗಾಮೆ ರಸ್ತೆ ಕಡೆ, ಸ್ಟೇಷನರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಈ ಕ್ಲಾಸ್ ನಡೆಯುತ್ತದೆ. ಬೋರ್ಡ್ ಇಲ್ಲ. ಒಬ್ಬರಿಂದ ಒಬ್ಬರಿಗೆ ಗೊತ್ತಾಗಿಯೇ ಬ್ಯಾಚ್ ತುಂಬುತ್ತದೆ. ಮೇಡಂಗೆ ಪ್ರಚಾರ ಅಂದರೆ ಆಗುವುದಿಲ್ಲ, ಹಾಗಾಗಿ ಹೆಸರು ಹಾಕುತ್ತಿಲ್ಲ. ಎಂಟು ವಾರ, ಶನಿವಾರ ಸಂಜೆ ಒಂದೂವರೆ ಗಂಟೆ, ನಡುವೆ ಒಂದು ಭಾನುವಾರ ಬೆಳಗ್ಗೆಯಿಂದ ಮಧ್ಯಾಹ್ನದ ತನಕ. ಫೀಸು 3,000 ರೂಪಾಯಿ, ಎರಡು ಕಂತಿನಲ್ಲಿ ಕೊಡಬಹುದು.

ಈ ಎಂಟು ವಾರದ ಲೆಕ್ಕ ಮೇಡಂ ಕಂಡುಹಿಡಿದಿದ್ದಲ್ಲ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜಿನಲ್ಲಿ ಜಾನ್ ಕಬಟ್-ಜಿನ್ ಅನ್ನುವವರು, ವರ್ಷಗಟ್ಟಲೆ ನೋವು ತಿಂದು ಔಷಧಿಯಿಂದ ಪೂರ್ತಿ ಗುಣ ಕಾಣದ ರೋಗಿಗಳಿಗೆ ಅಂತ ಶುರು ಮಾಡಿದ ಕೋರ್ಸು ಇದು. ಬೌದ್ಧ ಧ್ಯಾನದಿಂದ ಸ್ವಲ್ಪ, ಯೋಗದಿಂದ ಸ್ವಲ್ಪ ತೆಗೆದುಕೊಂಡು, ದೇವರು ಧರ್ಮದ ವಿಷಯ ಪಕ್ಕಕ್ಕಿಟ್ಟರು. ಅಲ್ಲಿ ವಾರಕ್ಕೆ ಎರಡೂವರೆ ಗಂಟೆ ಕ್ಲಾಸು, ಜೊತೆಗೆ ಮನೆಯಲ್ಲಿ ದಿನಾ 45 ನಿಮಿಷ. ನಮ್ಮ ಮೇಡಂ ಅದನ್ನು 20 ನಿಮಿಷಕ್ಕೆ ಇಳಿಸಿದ್ದಾರೆ. ಒಳ್ಳೆಯದೇ ಆಯಿತು. ನಮ್ಮ ಕಡೆ ಹೆಂಗಸು ಮುಕ್ಕಾಲು ಗಂಟೆ ಕಣ್ಣು ಮುಚ್ಚಿ ಕೂತರೆ ಮನೆಯವರು ಬಂದು ಹಣೆ ಮುಟ್ಟಿ ಜ್ವರ ಇದೆಯಾ ಅಂತ ನೋಡುತ್ತಾರೆ.

ನಾನು ಬ್ಯಾಂಕ್ ಕೌಂಟರಿನಲ್ಲಿ ಕೂರುವವಳು. ಸರ್ವರ್ ಡೌನ್ ಆದರೆ ಬೈಗುಳ ನಮಗೆ, ಪಾಸ್‌ಬುಕ್ ಪ್ರಿಂಟರ್ ಕೆಟ್ಟರೆ ಬೈಗುಳ ನಮಗೆ, ಗೃಹಲಕ್ಷ್ಮಿ ದುಡ್ಡು ಬಂದಿಲ್ಲ ಅಂದರೆ ನಾವೇ ಎತ್ತಿಟ್ಟುಕೊಂಡ ಹಾಗೆ ನೋಡುತ್ತಾರೆ. ಅಲ್ಲಿ ಬಾಯಿ ಮುಚ್ಚಿಕೊಂಡಿದ್ದೆಲ್ಲ ಸಂಜೆ ಮನೆಯಲ್ಲಿ ಮಗನ ಮೇಲೆ, ಪಾತ್ರೆಗಳ ಮೇಲೆ ಹೊರಗೆ ಬರುತ್ತಿತ್ತು. ಸೇರಿದ್ದು ಅದಕ್ಕೆ.

ಬ್ಯಾಚಿನಲ್ಲಿ ಹೆಂಗಸರೇ ಜಾಸ್ತಿ. ಗಂಡಸರಲ್ಲಿ ಹೆಚ್ಚಿನವರು ಎದೆಯ ಹೆದರಿಕೆಗೆ ಬಂದವರು. 2025ರ ಜೂನ್, ಜುಲೈನಲ್ಲಿ ಟಿವಿ ಹಾಕಿದರೆ ಸಾಕು, ಹಾಸನದಲ್ಲಿ ಇನ್ನೊಂದು ಹಾರ್ಟ್ ಅಟ್ಯಾಕ್ ಅಂತ ಬರುತ್ತಿತ್ತು, ನೆನಪಿದೆ ಅಲ್ವಾ? ಎದೆ ಚುಳುಕ್ ಅಂದವರು, ಅನ್ನದವರು ಎಲ್ಲರೂ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಹೋಗಿ ಸಾಲು ನಿಂತರು. ಆಮೇಲೆ ಸರ್ಕಾರದ ತಜ್ಞರ ಸಮಿತಿ ಲೆಕ್ಕ ಎಲ್ಲ ನೋಡಿ, ಸಾವುಗಳು ಅಸಹಜವಾಗಿ ಏರಿಲ್ಲ ಅಂತ ಹೇಳಿತು. ವರದಿ ಬಂತು, ಹೆದರಿಕೆ ಹೋಗಲಿಲ್ಲ. ಆ ದಿನಗಳಲ್ಲಿ ಹೃದಯಕ್ಕೆ ಈ ಕಷಾಯ, ಹೃದಯಕ್ಕೆ ಆ ಮುದ್ರೆ ಅಂತ ವಾಟ್ಸಾಪಿನಲ್ಲಿ ಬಂದಿದ್ದಕ್ಕೆ ಲೆಕ್ಕವೇ ಇಲ್ಲ.

ಬೇರೆ ಯಾರಾದರೂ ಆಗಿದ್ದರೆ ಈ ಹೆದರಿಕೆಯನ್ನೇ ಮಾರಿಕೊಂಡು ಬದುಕುತ್ತಿದ್ದರು. ಮೇಡಂ ಮೊದಲ ದಿನವೇ ಆ ಗಂಡಸರ ಕಡೆ ತಿರುಗಿ, ಬಿಪಿ ಶುಗರ್ ಚೆಕ್ ಮಾಡಿಸಿ, ಸಿಗರೇಟು ಬಿಡಿ, ಎದೆ ನೋವು ಬಂದರೆ ಉಸಿರು ಗಮನಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ ಅಂದರು. ನನ್ನ ನಾಲ್ಕು ಸ್ಟಾರಿನಲ್ಲಿ ಎರಡು ಆ ಮಾತಿಗೇ ಹೋಯಿತು.

ಇನ್ನೊಂದು ವಿಷಯವನ್ನೂ ಮುಚ್ಚಿಡದೆ ಹೇಳಿದರು. ಅಮೆರಿಕದ ದೊಡ್ಡ ವೈದ್ಯ ಪತ್ರಿಕೆಯೊಂದರಲ್ಲಿ 2014ರಲ್ಲಿ, 47 ಪ್ರಯೋಗಗಳನ್ನು, ಸುಮಾರು 3,500 ಜನರ ಲೆಕ್ಕವನ್ನು ಒಟ್ಟು ಹಾಕಿ ನೋಡಿದ ವರದಿ ಬಂದಿತ್ತು. ಆತಂಕ, ಖಿನ್ನತೆ, ನೋವು ಇವುಗಳಲ್ಲಿ ಧ್ಯಾನದಿಂದ ಸುಮಾರಾದ ಅನುಕೂಲ ಕಂಡಿತು. ಆದರೆ ವ್ಯಾಯಾಮ, ಮಾತ್ರೆ, ಬೇರೆ ಚಿಕಿತ್ಸೆ ಇವಕ್ಕಿಂತ ಧ್ಯಾನ ಮೇಲು ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ದಿನಾ ವಾಕಿಂಗ್ ಹೋಗುವವರು ಅದನ್ನು ಬಿಟ್ಟು ಇಲ್ಲಿಗೆ ಬರಬೇಡಿ ಅಂತ ಅವರೇ ಹೇಳಿದರು. ಫೀಸು ತೆಗೆದುಕೊಂಡ ಮೇಲೆ ಹೀಗೆ ಹೇಳುವವರನ್ನು ನಾನಂತೂ ನೋಡಿರಲಿಲ್ಲ.

ಸೇರುವಾಗ ಒಂದು ಫಾರಂ ತುಂಬಬೇಕು. ಮಾನಸಿಕ ತೊಂದರೆಗೆ ಮಾತ್ರೆ ತಗೊಳ್ಳುತ್ತಿದ್ದೀರಾ, ಇತ್ತೀಚೆಗೆ ಮನೆಯಲ್ಲಿ ಸಾವು ಆಗಿದೆಯಾ, ಹೀಗೆಲ್ಲ ಕೇಳುತ್ತಾರೆ. ಕೆಲವರಿಗೆ ಇದು ಅತಿ ಅನ್ನಿಸಿತು. ನನಗೆ ಸರಿ ಅನ್ನಿಸಿತು. ಕಣ್ಣು ಮುಚ್ಚಿ ಒಳಗೆ ನೋಡಿದರೆ ಎಲ್ಲರಿಗೂ ಒಳ್ಳೆಯದೇ ಕಾಣುತ್ತದೆ ಅಂತ ಏನಿಲ್ಲ, ದೊಡ್ಡ ಆಘಾತ ಆದವರಿಗೆ, ತೀರಾ ಕುಸಿದವರಿಗೆ ಇದರಿಂದ ತೊಂದರೆ ಜಾಸ್ತಿಯಾಗುವುದೂ ಉಂಟು. ಅಂಥವರು ಮೊದಲು ಡಾಕ್ಟರ್ ನೋಡಲಿ ಅಂತ ಮೇಡಂ ಖಡಾಖಂಡಿತವಾಗಿ ಹೇಳುತ್ತಾರೆ. ಇರುವ ಮಾತ್ರೆ ನಿಲ್ಲಿಸಬೇಡಿ ಅಂತಲೂ. ಮನಸ್ಸಿನ ತೊಂದರೆಗೆ ಫೋನಿನಲ್ಲಿ ಸಹಾಯ ಮಾಡುವ ಟೆಲಿ ಮಾನಸ್ ನಂಬರ್ 14416 ಗೋಡೆ ಮೇಲೆ ದಪ್ಪಗೆ ಬರೆದು ಅಂಟಿಸಿದ್ದಾರೆ. ಸರ್ಕಾರದ್ದು, ಫ್ರೀ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಕ್ಲಾಸಿನ ವಿಷಯ.

ಮೊದಲ ವಾರ ಒಣದ್ರಾಕ್ಷಿ. ಎಲ್ಲರ ಕೈಗೂ ಒಂದೊಂದೇ ಕೊಡುತ್ತಾರೆ, ತಿನ್ನುವ ಹಾಗಿಲ್ಲ. ಇದೂ ಆ ಮೂಲ ಕೋರ್ಸಿನದೇ ಪಾಠವಂತೆ. ಮೊದಲು ನೋಡಬೇಕು. ಅಂಗೈ ಮೇಲಿಟ್ಟು ಟ್ಯೂಬ್‌ಲೈಟ್ ಬೆಳಕಿಗೆ ಹಿಡಿದರೆ ಸುಕ್ಕಿನ ಏಣುಗಳು ಜೇನಿನ ಬಣ್ಣಕ್ಕೆ ಹೊಳೆಯುತ್ತವೆ, ಸಂದಿಯಲ್ಲಿ ಕಪ್ಪು, ಒಂದು ತುದಿಯಲ್ಲಿ ತೊಟ್ಟು ಕಿತ್ತ ಚುಕ್ಕೆ. ಬೆರಳಲ್ಲಿ ಹೊರಳಿಸಿದರೆ ಅಂಟು. ಕಿವಿ ಹತ್ತಿರ ಹಿಡಿದು ಒತ್ತಿದರೆ ಸಣ್ಣಗೆ ಚಿಟಚಿಟ ಅನ್ನುತ್ತದೆ, ನಿಜವಾಗಲೂ ಅನ್ನುತ್ತದೆ, ನಂಬದಿದ್ದರೆ ಮನೆಯಲ್ಲಿ ಮಾಡಿ ನೋಡಿ. ಮೂಗಿನ ಹತ್ತಿರ ತಂದಾಗಲೇ ಬಾಯಲ್ಲಿ ನೀರು ಬಂತು, ಇನ್ನೂ ನಾಲಿಗೆಗೆ ತಾಗಿಸಿಯೇ ಇರಲಿಲ್ಲ. ಆಮೇಲೆ ಬಾಯಿಗಿಟ್ಟು, ಕಚ್ಚದೆ ಇಟ್ಟುಕೊಂಡು, ಒಂದೇ ಸಲ ಕಚ್ಚಿ ನಿಲ್ಲಿಸಬೇಕು. ಆ ಒಂದು ಕಚ್ಚಿನಲ್ಲಿ ಹುಳಿ ಮೊದಲು ಬಂದು ಸಿಹಿ ಆಮೇಲೆ ಬಂತು. ಪಾಯಸದಲ್ಲಿ ಇಷ್ಟು ವರ್ಷ ತಿಂದಿದ್ದೇನೆ, ಹುಳಿ ಇದೆ ಅಂತ ಗೊತ್ತೇ ಇರಲಿಲ್ಲ. ಪಕ್ಕದಲ್ಲಿದ್ದ ರಿಟೈರ್ಡ್ ಮೇಷ್ಟ್ರು ಮಾತ್ರ ಮೇಡಂ ಬಾಯಿ ತೆಗೆಯುವ ಮೊದಲೇ ನುಂಗಿಬಿಟ್ಟಿದ್ದರು. ಪಾಪ, ಇನ್ನೊಂದು ಕೊಟ್ಟರು.

ಎರಡನೇ ವಾರದಿಂದ ಜಮಖಾನದ ಮೇಲೆ ಮಲಗಿ, ಕಾಲ್ಬೆರಳಿಂದ ನೆತ್ತಿ ತನಕ ಒಂದೊಂದೇ ಭಾಗಕ್ಕೆ ಗಮನ ಕೊಡುವುದು. ಮೊಣಕಾಲು ದಾಟುವ ಹೊತ್ತಿಗೆ ಅರ್ಧ ಕ್ಲಾಸು ಗೊರಕೆ. ಮೇಡಂ ಎಬ್ಬಿಸುವುದಿಲ್ಲ, ಸಾಕಷ್ಟು ನಿದ್ದೆ ಇಲ್ಲದವರಿಗೆ ಮೊದಲು ಬೇಕಿರುವುದು ನಿದ್ದೆಯೇ ಅನ್ನುತ್ತಾರೆ.

ಉಸಿರಿನ ಪಾಠ ಎಲ್ಲರಿಗೂ ಗೊತ್ತಿರುವಂಥದ್ದೇ, ಮೂಗಿನ ಹತ್ತಿರ ಉಸಿರು ಗಮನಿಸುವುದು. ಮನಸ್ಸು ನಿಲ್ಲುವುದಿಲ್ಲ. ಓಡುತ್ತದೆ, ವಾಪಸ್ ಕರೆದುಕೊಂಡು ಬರಬೇಕು, ಮತ್ತೆ ಓಡುತ್ತದೆ. ನಾನು ಇದನ್ನು ಸೋಲು ಅಂದುಕೊಂಡಿದ್ದೆ, ಎಲ್ಲರೂ ಹಾಗೇ ಅಂದುಕೊಂಡಿದ್ದರು. ಓಡಿಹೋಗಿದೆ ಅಂತ ಗೊತ್ತಾಗಿ ವಾಪಸ್ ತರುತ್ತೀರಲ್ಲ, ಅದೇ ವ್ಯಾಯಾಮ, ಓಡದಿದ್ದರೆ ನಿಮಗೆ ಕೆಲಸವೇ ಇಲ್ಲ ಅಂದರು ಮೇಡಂ. ಉಸಿರು ಬಿಡುವುದನ್ನು ಸ್ವಲ್ಪ ಉದ್ದ ಮಾಡಿ ಅಂದಿದ್ದಕ್ಕೂ ಕಾರಣ ಹೇಳಿದರು. ಉಸಿರು ಎಳೆದಾಗ ಹೃದಯದ ಬಡಿತ ಸ್ವಲ್ಪ ಜೋರಾಗುತ್ತದೆ, ಬಿಟ್ಟಾಗ ನಿಧಾನ ಆಗುತ್ತದೆ. ನಾಡಿ ಹಿಡಿದು ನೋಡಿಕೊಳ್ಳಲು ಹೇಳಿದರು. ಎದೆ ಹೆದರಿಕೆಯ ಗಂಡಸರಿಗೆ ಇದು ಬಹಳ ಹಿಡಿಸಿತು, ಈಗ ಯಾವಾಗ ನೋಡಿದರೂ ಮಣಿಕಟ್ಟು ಹಿಡಿದುಕೊಂಡೇ ಕೂತಿರುತ್ತಾರೆ.

ನಿಂತುಕೊಂಡು ಮಾಡುವ ಪಾಠ ಬಂದಾಗ ಚನ್ನರಾಯಪಟ್ಟಣದಿಂದ ಬರುವ ಒಬ್ಬರು, ನಮ್ಮ ಬೆಳಗೊಳದ ಗೊಮ್ಮಟ ನಿಂತಿರುವುದೂ ಹೀಗೇ ಅಲ್ವಾ ಅಂದರು. ಹೌದಲ್ಲ! 981ರ ಕಾಲದಿಂದ 58 ಅಡಿ ಎತ್ತರಕ್ಕೆ ನಿಂತಿರುವ ಬಾಹುಬಲಿಯ ಆ ನಿಲುವಿಗೆ ಕಾಯೋತ್ಸರ್ಗ ಅಂತಲೇ ಹೆಸರು, ಧ್ಯಾನದ ನಿಲುವು ಅದು. ಕಾಲ ಬಳಿ ಹುತ್ತ ಬೆಳೆದಿದೆ, ಬಳ್ಳಿ ತೊಡೆ ತೋಳು ಸುತ್ತಿಕೊಂಡು ಹತ್ತಿದೆ, ಅವನು ಅಲುಗಿಲ್ಲ. ಶಾಲೆ ಟ್ರಿಪ್ಪಿನಲ್ಲಿ ಮೆಟ್ಟಿಲು ಹತ್ತಿ ಸುಸ್ತಾಗಿ ನೋಡಿದ್ದು, ಅದರಲ್ಲಿ ಇಂಥ ವಿಷಯ ಇದೆ ಅಂತ ಯಾರು ಹೇಳಿದ್ದರು ನಮಗೆ. ನಮ್ಮ ಕ್ಲಾಸಿನವರು ಸೊಳ್ಳೆಗೇ ಅಲುಗುತ್ತಿದ್ದರು ಅನ್ನುವುದು ಬೇರೆ ಮಾತು.

ಈ ಜಾಗದ ದೊಡ್ಡ ದೂರು ಅಂದರೆ ಗಲಾಟೆ. ಕೆಳಗೆ ಆಟೋ ಹಾರ್ನ್, ಯಾವುದೋ ಮದುವೆ ಮನೆಯ ಓಲಗ, ಶನಿವಾರ ಆದ್ದರಿಂದ ಆಂಜನೇಯನ ಗುಡಿ ಭಜನೆ. ಕೆಲವರು ಇದಕ್ಕೇ ಬಿಟ್ಟು ಹೋದರು. ನನಗೆ ಇದೇ ಈ ಕ್ಲಾಸಿನ ಲಾಭ ಅನ್ನಿಸುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಕಾಡಿನ ಮೌನ ಎಲ್ಲಿಂದ ತರುವುದು? ಹಾರ್ನ್ ಕೇಳಿಸಿತು ಅಂತ ಗೊತ್ತಾಗಲಿ, ಸಿಟ್ಟು ಬಂತು ಅಂತಲೂ ಗೊತ್ತಾಗಲಿ, ಮತ್ತೆ ಉಸಿರಿಗೆ ಬನ್ನಿ ಅಂತ ಮೇಡಂ ಗಲಾಟೆಯನ್ನೇ ಪಾಠಕ್ಕೆ ಹಾಕಿಕೊಂಡರು.

ಹೋಲಿಸಿ ನೋಡುವುದಾದರೆ, ಒಮ್ಮೆ ಆಫೀಸಿನವರ ಜೊತೆ ಚಿಕ್ಕಮಗಳೂರು ಕಡೆಯ ಒಂದು ರೆಸಾರ್ಟಿಗೆ ಹೋಗಿದ್ದೆ, ಹೆಸರು ಬೇಡ. ಮೌನದ ವೀಕೆಂಡ್ ಅಂತ ಪ್ಯಾಕೇಜು. ಒಬ್ಬರಿಗೆ ಎರಡು ದಿನಕ್ಕೆ ಆದ ಖರ್ಚಿನಲ್ಲಿ ಇಲ್ಲಿ ಮನೆಮಂದಿಯೆಲ್ಲ ಎಂಟೆಂಟು ವಾರ ಕಲಿಯಬಹುದು. ಹಿತ್ತಾಳೆ ಬಟ್ಟಲು ಬಾರಿಸಿದರು, ಇಂಗ್ಲಿಷಿನಲ್ಲಿ ಏನೋ ಪಿಸುಗುಟ್ಟಿದರು, ಪಕ್ಕದ ಹೋಂಸ್ಟೇಯಲ್ಲಿ ರಾತ್ರಿ ಡಿಜೆ. ಬೆಳಗ್ಗೆ ಸೂರ್ಯೋದಯದ ಧ್ಯಾನ ಅಂತ ಮುಳ್ಳಯ್ಯನಗಿರಿಗೆ ಹೊರಟರೆ ದಾರಿ ತುಂಬಾ ಕಾರು. ಮುಳ್ಳಪ್ಪ ಸ್ವಾಮಿ ತಪಸ್ಸು ಮಾಡಿದ ಗುಹೆ ಅಂತಾರಲ್ಲ, ಅದರ ಮುಂದೆ ಸೆಲ್ಫಿಗೆ ಕ್ಯೂ. ಕಾಫಿ ಮಾತ್ರ ಚೆನ್ನಾಗಿತ್ತು.

ಗೋಯೆಂಕಾ ಅವರ ವಿಪಶ್ಯನ ಧ್ಯಾನದ ಶಿಬಿರಕ್ಕೆ ಹೋಗಿ ಬಂದ ಗೆಳತಿ ಅದನ್ನೇ ಮಾಡು ಅನ್ನುತ್ತಾಳೆ. ಅಲ್ಲಿ ಊಟ ವಸತಿಗೂ ಫೀಸು ಇಲ್ಲ, ಶಿಬಿರ ಮುಗಿಸಿದವರು ಇಷ್ಟ ಇದ್ದರೆ ದಾನ ಕೊಡಬಹುದು, ಅದರ ಬಗ್ಗೆ ನನಗೆ ಬಹಳ ಗೌರವ ಇದೆ. ಆದರೆ ಹತ್ತು ದಿನ, ಬೆಳಗಿನ ಜಾವ ನಾಲ್ಕಕ್ಕೆ ಗಂಟೆ, ಫೋನ್ ಇಲ್ಲ, ಮಾತಿಲ್ಲ. ನಮ್ಮ ಮ್ಯಾನೇಜರ್ ಹತ್ತು ದಿನ ರಜೆ ಕೊಡುವುದಕ್ಕಿಂತ ನನಗೆ ಜ್ಞಾನೋದಯ ಆಗುವುದೇ ಸುಲಭ.

ಫಲ ಏನು ಅಂತ ಕೇಳುತ್ತೀರಿ ಅಲ್ವಾ. ಸಿಟ್ಟು ಹೋಗಿಲ್ಲ. ಈಗಲೂ ಬರುತ್ತದೆ, ಕಿವಿ ಬಿಸಿಯಾಗುತ್ತದೆ, ದವಡೆ ಬಿಗಿಯಾಗುತ್ತದೆ. ಆದರೆ ದವಡೆ ಬಿಗಿಯಾಯಿತು ಅಂತ ಆಗಲೇ ಗೊತ್ತಾಗುತ್ತದೆ. ಮೊನ್ನೆ ಒಬ್ಬರು ಕೆವೈಸಿ ವಿಷಯಕ್ಕೆ ಗಾಜಿನ ಮೇಲೆ ಕೈ ಬಡಿದು ಕೂಗುತ್ತಿದ್ದಾಗ, ಚಪ್ಪಲಿಯೊಳಗೆ ಅಂಗಾಲು ನೆಲಕ್ಕೆ ಒತ್ತಿ ಒಂದು ಉದ್ದ ಉಸಿರು ಬಿಟ್ಟೆ. ಅಷ್ಟರಲ್ಲಿ ಬಾಯಿಗೆ ಬಂದ ಮಾತು ವಾಪಸ್ ಹೋಯಿತು. ಆಮೇಲೆ ನೋಡಿದರೆ ಆ ಮನುಷ್ಯನ ಕೈ ನಡುಗುತ್ತಿತ್ತು, ಪೆನ್ಷನ್ ನಿಂತಿತ್ತಂತೆ. ಇಷ್ಟೇ ಫಲ. ಮನೆಯಲ್ಲಿ, ಹತ್ತನೇ ಕ್ಲಾಸಿನ ಮಗನ ಮೊಬೈಲ್ ವಿಷಯದಲ್ಲಿ ಮಾತ್ರ ಯಾವ ಉಸಿರೂ ಕೆಲಸ ಮಾಡುತ್ತಿಲ್ಲ.

ಈಗ ಕಟ್ ಆದ ಸ್ಟಾರ್. ಸೊಳ್ಳೆ ಬಗ್ಗೆ ಹೇಳಿದೆ, ಕಿಟಕಿಗೆ ಒಂದು ಮೆಷ್ ಹಾಕಿಸಲು ಎಷ್ಟಾಗುತ್ತದೆ ಮೇಡಂ? ಮೆಟ್ಟಿಲು ಕಡಿದು, ಲಿಫ್ಟ್ ಇಲ್ಲ, ಮಂಡಿ ನೋವಿನವರಿಗೆ ಕಷ್ಟ. ಮನೆಯಲ್ಲಿ ಕೇಳಲು ವಾಟ್ಸಾಪಿನಲ್ಲಿ ಕಳಿಸುವ ಆಡಿಯೋ ಇದೆಯಲ್ಲ, ಅದರಲ್ಲಿ ಮಾತ್ರ ಯಾಕೋ ಮೇಡಂ ನಾಟಕದ ಕನ್ನಡಕ್ಕೆ ಹೋಗಿಬಿಡುತ್ತಾರೆ, 'ನಿಮ್ಮ ಅಂತರಂಗದ ಪ್ರಶಾಂತ ಸರೋವರದಲ್ಲಿ' ಅಂತೆಲ್ಲ. ಕ್ಲಾಸಿನಲ್ಲಿ ಮಾತಾಡುವ ಹಾಗೇ ಸುಮ್ನೆ ಮಾತಾಡಿದರೆ ಸಾಕಲ್ವಾ. ಕೊನೆಗೆ ಅನುಭವ ಹಂಚಿಕೊಳ್ಳುವ ಹದಿನೈದು ನಿಮಿಷಕ್ಕೆ ಗಡಿಯಾರ ಇಡಲೇಬೇಕು. ಒಬ್ಬರು ಪ್ರತಿ ವಾರ ತಮ್ಮ ಸೈಟಿನ ಕೋರ್ಟ್ ಕೇಸನ್ನು ಮೊದಲಿಂದ ಹೇಳುತ್ತಾರೆ, ಎದುರು ಪಾರ್ಟಿಯ ವಕೀಲರ ಹೆಸರು ಕೂಡ ನಮಗೆಲ್ಲ ಬಾಯಿಪಾಠ.

ಸೇರುವವರಿಗೆ: ಹೊದೆಯಲು ಒಂದು ಶಾಲು ತನ್ನಿ, ಮಲಗಿದಾಗ ಚಳಿ ಆಗುತ್ತದೆ. ಗೋಡೆ ಪಕ್ಕದ ಜಾಗ ಹಿಡಿಯಿರಿ, ಬೆನ್ನಿಗೆ ಆಸರೆ ಸಿಗುತ್ತದೆ. ನೆಲದ ಮೇಲೆ ಕೂರಲು ಆಗದವರಿಗೆ ಕುರ್ಚಿ ಕೊಡುತ್ತಾರೆ, ನಾಚಿಕೆ ಬೇಡ. ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಿ ಕ್ಲಾಸಿಗೆ ರಜೆ, ಊರೊಳಗೆ ಗಾಡಿ ನಿಲ್ಲಿಸಲು ಜಾಗ ಎಲ್ಲಿರುತ್ತದೆ, ಹಾಗಾಗಿ ದೀಪಾವಳಿ ಹತ್ತಿರದ ಬ್ಯಾಚು ಒಂದೆರಡು ವಾರ ಮುಂದಕ್ಕೆ ಹೋಗುತ್ತದೆ. ಮುಂದಿನ ಬ್ಯಾಚಿಗೆ ನಮ್ಮನೆಯವರ ಹೆಸರು ಕೊಟ್ಟು ಮೊದಲ ಕಂತು ಕಟ್ಟಿದ್ದೇನೆ, ಅವರಿಗೆ ಇನ್ನೂ ಹೇಳಿಲ್ಲ.