ವೈಫೈ ಕಾಲಿಂಗ್‌ಗೆಂದೇ ಕೊಂಡ ಫೋನ್, ಅದನ್ನೇ ಆಫ್ ಮಾಡಿ ಅಂದರು

ಮೂರು ವರ್ಷ ದಾಟಿದ ಮೇಲೆ ಬರೆಯುತ್ತಿದ್ದೇನೆ. ಕ್ಯಾಮೆರಾ, ಸ್ಕ್ರೀನ್ ಬಗ್ಗೆ ಹೇಳಲ್ಲ, ಅದೆಲ್ಲ ನೀವು ನೋಡಿಯೇ ಇರುತ್ತೀರಿ. 2022ರಲ್ಲಿ 18 ಸಾವಿರ ಕೊಟ್ಟು ಇದನ್ನು ತಂದದ್ದು ಒಂದೇ ಕಾರಣಕ್ಕೆ, ವೈಫೈ ಕಾಲಿಂಗ್. ಅಂದರೆ ಮೊಬೈಲ್ ಸಿಗ್ನಲ್ ಇಲ್ಲದಿದ್ದರೂ ಮನೆಯ ವೈಫೈ ಮೇಲೆ ಮಾಮೂಲಿ ನಂಬರಿನಿಂದಲೇ ಕಾಲ್ ಮಾಡುವುದು.

ನಮ್ಮ ಮನೆ ಕೊಪ್ಪದಿಂದ ಒಳಗೆ, ಗುಡ್ಡದ ತಗ್ಗಿನಲ್ಲಿ. ಫೈಬರ್ ಇಂಟರ್ನೆಟ್ ಬಂದಿದೆ, ಮೊಬೈಲ್ ಸಿಗ್ನಲ್ ಬಂದಿಲ್ಲ. ಒಂದು ಕಡ್ಡಿ ಸಿಗ್ನಲ್ ಬೇಕಾದರೂ ತೋಟ ದಾಟಿ ಹಲಸಿನ ಮರದ ಬುಡಕ್ಕೆ ಹೋಗಬೇಕು. ಮಳೆಗಾಲದಲ್ಲಾದರೆ ಕೈಯಲ್ಲಿ ಕೊಡೆ, ಕಾಲಲ್ಲಿ ಇಂಬಳ. ಈ ಫೋನ್ ಬಂದ ಮೇಲೆ ಆ ಓಡಾಟ ತಪ್ಪಿತು. ಸಂಜೆ ಏಳಕ್ಕೆ ಇದನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಸ್ಪೀಕರ್ ಹಾಕಿಡುತ್ತೇನೆ. ಅಮ್ಮ ದೀಪದ ಬತ್ತಿ ಹೊಸೆಯುತ್ತಾ ಬೆಂಗಳೂರಿನ ಅಕ್ಕನ ಜೊತೆ ಮಾತಿಗೆ ಕೂರುತ್ತಾಳೆ. ಬತ್ತಿ ಮುಗಿದರೂ ಮಾತು ಮುಗಿಯಲ್ಲ.

2023ರ ಮಾರ್ಚ್‌ನಲ್ಲಿ ಎಡವಟ್ಟಾಯಿತು. ಸಾಫ್ಟ್‌ವೇರ್‌ಗಳ ಭದ್ರತಾ ದೋಷ ಹುಡುಕುವ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ, ಹಲವು ಫೋನುಗಳಲ್ಲಿರುವ ಮೋಡೆಮ್ ಚಿಪ್‌ನಲ್ಲಿ (ಫೋನನ್ನು ನೆಟ್‌ವರ್ಕಿಗೆ ಜೋಡಿಸುವ ಚಿಪ್) 18 ದೋಷ ಸಿಕ್ಕಿವೆ ಎಂದು ಹೇಳಿತು. ಅದರಲ್ಲಿ 4 ತೀರಾ ಕೆಟ್ಟವು. ನಿಮ್ಮ ನಂಬರ್ ಒಂದು ಗೊತ್ತಿದ್ದರೆ ಸಾಕು, ದೂರದಲ್ಲಿ ಕೂತೇ ಮೋಡೆಮ್ಮಿನೊಳಗೆ ನುಗ್ಗಬಹುದು. ನೀವು ಲಿಂಕ್ ಒತ್ತಬೇಕಿಲ್ಲ, ಫೋನ್ ಎತ್ತಲೂ ಬೇಕಿಲ್ಲ. ಪ್ಯಾಚ್, ಅಂದರೆ ದೋಷ ಸರಿಮಾಡುವ ಅಪ್‌ಡೇಟ್, ಬರುವವರೆಗೆ ವೈಫೈ ಕಾಲಿಂಗ್ ಮತ್ತು ವೋಲ್ಟಿ (4ಜಿ ಮೇಲೆಯೇ ಕಾಲ್ ಹೋಗುವ ವ್ಯವಸ್ಥೆ) ಆಫ್ ಮಾಡಿಡಿ ಅಂದರು. ಆ ಚಿಪ್ಪು ನನ್ನ ಫೋನಿನಲ್ಲೂ ಇತ್ತು.

ಸಲಹೆ ಸರಿಯೇ. ಆದರೆ ನನ್ನ ಸಿಮ್ 2ಜಿ, 3ಜಿ ಇಲ್ಲದ ನೆಟ್‌ವರ್ಕಿನದು. ವೋಲ್ಟಿ ಆಫ್ ಮಾಡಿದರೆ ಹಲಸಿನ ಮರದ ಕೆಳಗೂ ಕಾಲ್ ಬರಲ್ಲ! ವಾಟ್ಸಾಪ್ ಕಾಲ್ ಇದೆಯಲ್ಲ ಅನ್ನುತ್ತೀರಾ? ಅಕ್ಕನಿಗೆ ಅದು ಸಾಕು. ಅಡಿಕೆ ಮಂಡಿಯವರು, ಗ್ಯಾಸ್ ತರುವ ಹುಡುಗ, ಬ್ಯಾಂಕಿನ ಒಟಿಪಿ ಇವೆಲ್ಲ ವಾಟ್ಸಾಪಿಗೆ ಬರುತ್ತವಾ?

ವೋಲ್ಟಿ ಮುಟ್ಟಲಿಲ್ಲ. ವೈಫೈ ಕಾಲಿಂಗ್ ಮಾತ್ರ ಆಫ್ ಮಾಡಿ ಒಂಬತ್ತು ದಿನ ತೋಟಕ್ಕೆ ಓಡಾಡಿದೆ. ಹತ್ತನೇ ದಿನ, ನನ್ನಂಥ ಅಡಿಕೆ ಬೆಳೆಗಾರನ ಹಿಂದೆ ಯಾವ ಕಳ್ಳ ಬೀಳುತ್ತಾನೆ ಎಂದುಕೊಂಡು ಮತ್ತೆ ಆನ್ ಮಾಡಿದೆ. ಮಾಡಿದ್ದು ತಪ್ಪು, ಗೊತ್ತು.

ಬೆಳಗಿನ ಕಾಫಿ ಜೊತೆ ಸೆಟ್ಟಿಂಗ್ಸ್ ತೆರೆದು ಅಪ್‌ಡೇಟ್ ಹುಡುಕುವುದು ಆಗ ಶುರುವಾದ ಚಟ. ಚಿಪ್ ಕಂಪನಿ ರಿಪೇರಿ ಮಾಡಿ ಕೊಟ್ಟರೂ ಫೋನ್ ಕಂಪನಿ ಅದನ್ನು ಒಂದೊಂದು ಮಾಡೆಲ್‌ಗೂ ಹೊಂದಿಸಿ, ಪರೀಕ್ಷೆ ಮಾಡಿ ಕಳಿಸಬೇಕು. ಆ ಸಾಲಿನಲ್ಲಿ ಅಗ್ಗದ ಫೋನುಗಳು ಕೊನೆಗೆ. ಅದೇ ಕಂಪನಿಯ ದುಬಾರಿ ಫೋನ್ ಇಟ್ಟಿರುವ ಭಾವನಿಗೆ ತಿಂಗಳು ತಿಂಗಳೂ ಅಪ್‌ಡೇಟ್ ಬರುತ್ತೆ. ಸರ್ವೀಸ್ ಸೆಂಟರಿನಲ್ಲಿ ಕೇಳಿದರೆ "ಬಂದಾಗ ಬರತ್ತೆ ಸರ್, ಬೇಕಾದ್ರೆ ಒಂದ್ಸಲ ರೀಸೆಟ್ ಮಾಡಿಕೊಡ್ತೀನಿ" ಅಂದ. ರೀಸೆಟ್ ಮಾಡಿದರೆ ಚಿಪ್ಪಿನ ತೂತು ಮುಚ್ಚುತ್ತಾ?

ಪ್ಯಾಚ್ ಬಂದದ್ದು ಆರು ವಾರದ ಮೇಲೆ. ಆ ದಿನ ಅಮ್ಮನ ಏಳು ಗಂಟೆಯ ಕಾಲ್ ಇಪ್ಪತ್ತು ನಿಮಿಷ ತಡವಾಯಿತು, ಬೈಸಿಕೊಂಡೆ.

ಸಿಟ್ಟಿದ್ದರೂ ಫೋನ್ ಕೆಟ್ಟದ್ದು ಅನ್ನಲಾರೆ. ಎರಡು ಸಲ ಅಂಗಳದಲ್ಲಿ ಬಿದ್ದಿದೆ, ಬ್ಯಾಟರಿ ಈಗಲೂ ಸಂಜೆವರೆಗೆ ಬರುತ್ತೆ. ಇದೇ ಬಜೆಟ್ಟಿನಲ್ಲಿ ತಗೊಳ್ಳುವವರು ರ‍್ಯಾಮ್ ಎಷ್ಟು ಅಂತ ಕೇಳುವ ಮೊದಲು ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ, ಎಷ್ಟು ತಿಂಗಳಿಗೊಮ್ಮೆ ಅಂತ ಕೇಳಿ. ಐದಕ್ಕೆ ಮೂರು ಸ್ಟಾರ್. ಅದರಲ್ಲಿ ಒಂದು ಅಮ್ಮನದು.

ಇದನ್ನು ಬರೆಯುವ ಮುಂಚೆ ಸುಮ್ನೆ ಒಮ್ಮೆ ನೋಡಿದೆ. ಫೋನಿನಲ್ಲಿರುವ ಪ್ಯಾಚ್ ನಾಲ್ಕು ತಿಂಗಳ ಹಿಂದಿನದು. ಅಪ್‌ಡೇಟ್ ಹುಡುಕು ಅಂತ ಒತ್ತಿದರೆ, ನಿಮ್ಮ ಸಾಫ್ಟ್‌ವೇರ್ ಅಪ್ ಟು ಡೇಟ್ ಆಗಿದೆ ಅನ್ನುತ್ತೆ.