ಗೂಗಲ್ ಡೇಟಾಸೆಟ್ ಸರ್ಚ್: ವರ್ಷಗಟ್ಟಲೆ ಬಳಸಿದ ಮ್ಯಾಲ ನನ್ನ ಅಭಿಪ್ರಾಯ

ಡೇಟಾಸೆಟ್ (ಅಂಕಿ-ಅಂಶದ ಫೈಲು) ಹುಡುಕಿಕೊಡೋ ಈ ಗೂಗಲ್ ಸೈಟಿಗೆ ಐದಕ್ಕ ಮೂರೂವರೆ ಸ್ಟಾರ್ ಕೊಡ್ತೀನಿ, ಕಟ್ ಮಾಡಿರೋ ಒಂದೂವರೆಯಾಗ ಅರ್ಧ ಅಷ್ಟೇ ಗೂಗಲ್‌ದು, ಉಳಿದ ಒಂದು ಡೇಟಾ ಹಾಕೋರ ಲೆಕ್ಕಕ್ಕ.

ಬಳ್ಳಾರ್ಯಾಗ ಬ್ಯಾಂಕ್ ಲೋನಿಗೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡೋದು ನನ್ನ ಕೆಲಸ. ಸಿಂಧನೂರು, ಗಂಗಾವತಿ ಕಡಿಂದ ರೈಸ್ ಮಿಲ್ಲಿನೋರು, ರಾಯಚೂರಿಂದ ಹತ್ತಿ ಜಿನ್ನಿಂಗ್‌ನೋರು, ಊರಾಗಿನ ಜೀನ್ಸ್ ಯೂನಿಟ್‌ನೋರು ಬರ್ತಾರ. ಮ್ಯಾನೇಜರ್ ಸಾಹೇಬ್ರು ಒಂದೇ ಮಾತು ಹಿಡಿತಾರ, "ತಾಲೂಕಿನಾಗ ಭತ್ತ ಎಷ್ಟು ಬೆಳೀತೈತಿ, ಸರ್ಕಾರಿ ಲೆಕ್ಕದಾಗ ತೋರಿಸ್ರಿ" ಅಂತ. ಲೆಕ್ಕ ಇರ್ತಾವ, ಆನ್‌ಲೈನಿನಾಗೇ ಇರ್ತಾವ, ಆದ್ರ ಯಾವ ಮೂಲ್ಯಾಗ ಅದಾವ ಅಂತ ಗೊತ್ತಾಗಂಗಿಲ್ಲ.

2018ರ ಸೆಪ್ಟೆಂಬರ್‌ನಾಗ ಈ ಡೇಟಾಸೆಟ್ ಸರ್ಚ್ ಶುರುವಾತು, 2020ರ ಜನವರಿಗೆ ಬೀಟಾ (ಪರೀಕ್ಷೆ ಹಂತ) ಅನ್ನೋ ಹಣೆಪಟ್ಟಿ ತೆಗೆದ್ರು, ಆಗಲೇ ಸುಮಾರು 2.5 ಕೋಟಿ ಡೇಟಾಸೆಟ್ ಇದ್ವು. ಮಾಮೂಲಿ ಗೂಗಲ್‌ನಾಗ ಹುಡುಕಿದ್ರ ನ್ಯೂಸು, ಟ್ಯೂಷನ್ ಸೈಟು ಎಲ್ಲಾ ಬರ್ತಾವ, ಇದ್ರಾಗ ಡೇಟಾಸೆಟ್ ಅಷ್ಟೇ ಬರ್ತಾವ. ಯಾವಾಗ ಅಪ್‌ಡೇಟ್ ಆಗೇತಿ, ಫೈಲು ಯಾವ ಫಾರ್ಮ್ಯಾಟು, ಬಿಜಿನೆಸ್‌ಗೆ ಬಳಸಬಹುದಾ, ಫ್ರೀನಾ ಅಂತ ಫಿಲ್ಟರ್ ಹಾಕಬಹುದು. ನನಗ ಬಾಳ ಉಪಯೋಗ ಆಗಿದ್ದು ಇದೇ.

ಆದ್ರ ಒಂದು ತಿಳ್ಕೋರಿ, ಇದು ಫೈಲಿನ ಒಳಗಿನ ಅಂಕಿ ಓದಿ ಹುಡುಕೋದಲ್ಲ, ಪೇಜಿನಾಗ ಸ್ಕೀಮಾ ಡಾಟ್ ಆರ್ಗ್ ಇಲ್ಲಾ ಡಿಕ್ಯಾಟ್ ರೀತಿ (ಡೇಟಾದ ವಿವರ ಮಷಿನ್ನಿಗೆ ತಿಳಿಯಂಗ ಬರೆಯೋ ಪದ್ಧತಿಗಳು) ವಿವರ ಬರೆದಿದ್ರ ಅದನ್ನ ಓದ್ತೈತಿ. ಹೆಸರೇನು, ಯಾರು ಮಾಡಿದ್ದು, ಯಾವ ಜಾಗ, ಯಾವ ವರ್ಷ ಅಂತ. ಬರೀದಿದ್ರ ಇಲ್ಲೇ ಇಲ್ಲ ಅಂದಂಗ. ಡಿಕ್ಯಾಟ್ ಅನ್ನೋದು ವೆಬ್ಬಿನ ಮಾನದಂಡ ಮಾಡೋ ಸಂಸ್ಥೆ ಡಬ್ಲ್ಯು3ಸಿಯ ಶಿಫಾರಸಾಗಿ 2014ರಾಗೇ ಬಂದೈತಿ, ಅದರ ಮೂರನೇ ಆವೃತ್ತಿನೂ 2024ರಾಗ ಬಂತು, ಹಂಗಾಗಿ ಹೊಸಾದು, ಕಲೀಬೇಕು ಅನ್ನೋ ನೆಪ ನಡೆಯಂಗಿಲ್ಲ. ಒಂದು ಪೋರ್ಟಲ್‌ನಾಗ (ಹೆಸರು ಬ್ಯಾಡ) ನನಗ ಬೇಕಾದ ಬೆಳೆ ಫೈಲಿನ ಹೆಸರು ಏನಿತ್ತು ಗೊತ್ತಾ, "ಸ್ಟೇಟ್‌ಮೆಂಟ್ 4 ನ್ಯೂ ಫೈನಲ್". ವಿವರದ ಜಾಗದಾಗ ಮತ್ತ ಅದೇ ಹೆಸರು! ಎಪಿಎಂಸಿ ಗೋಡೌನಿಗೆ ಚೀಟಿ ಇಲ್ಲದ ಚೀಲ ಒಗೆದು ಹೋದಂಗ, ಮಾಲು ಐತಿ ಆದ್ರ ಯಾರ್ದು ಯಾವ್ದು ದೇವ್ರಿಗೇ ಗೊತ್ತು.

ಇನ್ನೊಂದು ದೊಡ್ಡ ತಲೆನೋವು ಜಿಲ್ಲೆ ಲೆಕ್ಕದ್ದು.  2011ರ ಜನಗಣತ್ಯಾಗ ಬಳ್ಳಾರಿಗೆ 7 ತಾಲೂಕು, 2021ಕ್ಕ ವಿಜಯನಗರ ಜಿಲ್ಲೆ ಆದಾಗ ಅದ್ರಾಗ ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಆ ಕಡಿಗೆ ಹೋದ್ವು. ಹಳೇ ಅಂಕಿನೂ ಹೊಸ ಅಂಕಿನೂ ಪಕ್ಕಪಕ್ಕ ಇಟ್ರ ಬಳ್ಳಾರ್ಯಾಗ ಬೆಳೆ ಅರ್ಧಕ್ಕರ್ಧ ಸತ್ತಂಗ ಕಾಣ್ತೈತಿ, ಬ್ಯಾಂಕ್‌ನೋರು ಕೇಳಿದ್ರ ಏನ್ ಹೇಳೋದು. ಲಿಂಕ್ಡ್ ಡೇಟಾ ಅನ್ನೋದು ಇಲ್ಲಿ ಕೆಲಸಕ್ಕ ಬರ್ತೈತಿ: ಪ್ರತಿ ಜಿಲ್ಲೆಗೂ ತಾಲೂಕಿಗೂ ಒಂದು ಖಾಯಂ ವೆಬ್ ಅಡ್ರೆಸ್ ಕೊಟ್ಟು, ಇದು ಅದರಿಂದ ಇಂಥ ದಿನ ಒಡೆದದ್ದು ಅಂತ ಕೊಂಡಿ ಹಾಕಿಟ್ರ ಮಷಿನ್ನೇ ಹೊಂದಿಸಿಕೊಳ್ತೈತಿ. ಬ್ರಿಟನ್‌ನೋರ ಕಾನೂನಿನ ಸೈಟು ಲೆಜಿಸ್ಲೇಷನ್ ಡಾಟ್ ಗವ್ ಡಾಟ್ ಯುಕೆ ನೋಡ್ರಿ, ಒಂದೊಂದು ಕಾಯ್ದೆಗೂ ಅಡ್ರೆಸ್ ಐತಿ, ಅದರ ತುದಿಗೆ ಡೇಟಾ ಡಾಟ್ ಆರ್‌ಡಿಎಫ್ ಅಂತ ಸೇರಿಸಿದ್ರ ಮಷಿನ್ ಓದೋ ರೂಪದಾಗ ವಿವರ ಪೂರ್ತಿ ಬಂದುಬಿಡ್ತೈತಿ. ಹಂಗಂತ ಕೊಂಡಿ ಹಾಕಿದ್ರಷ್ಟೇ ಸಾಲಂಗಿಲ್ಲ, ಲಿಂಕ್ಡ್ ಡೇಟಾಕ್ಕೂ ಇಂಥಾದ್ದು ಇಲ್ಲೈತಿ ಅಂತ ಹೇಳೋ ಕ್ಯಾಟಲಾಗ್ ಪೇಜ್ ಬೇಕು, ಸ್ಪಾರ್ಕ್ಲ್ (ಲಿಂಕ್ಡ್ ಡೇಟಾದಾಗ ಹುಡುಕೋಕ ಬಳಸೋ ಕಂಪ್ಯೂಟರ್ ಭಾಷೆ) ಬರೆಯೋಕ ಬರೋರಿಗಷ್ಟೇ ತೆರೆದ ಬಾಗಿಲು ಇಟ್ಕೊಂಡು ಡೇಟಾ ಪಬ್ಲಿಷ್ ಮಾಡೀವಿ ಅಂದ್ರ ನನ್ನಂಥೋರು ಏನ್ ಮಾಡ್ಬೇಕ್ರಿ.

ಗೂಗಲ್‌ಗೆ ಅರ್ಧ ಸ್ಟಾರ್ ಯಾಕ್ ಕಟ್ ಅಂದ್ರ, ವಿವರದಾಗ ಏನು ಬರೆದಾರೋ ಅದನ್ನೇ ನಂಬ್ತೈತಿ, ವಿವರ ಹಳಸಿದ್ರ ರಿಸಲ್ಟೂ ಹಳಸಿರ್ತೈತಿ. ಲೋನ್ ರಿಪೋರ್ಟಿಗೆ ಹಾಕೋ ಮುಂಚೆ ಮೂಲ ಪೇಜ್ ತೆಗೆದು ನೋಡ್ರಿ.

ನಮ್ ಕಡಿ ಡೇಟಾ ಹುಡುಕೋರು "Ballari" ಅನ್ನೋ ಹೊಸ ಇಂಗ್ಲಿಷ್ ಸ್ಪೆಲ್ಲಿಂಗ್ ಜೊತಿಗೆ ಹಳೇ "Bellary" ಸ್ಪೆಲ್ಲಿಂಗೂ ಹೊಡೀರಿ, 2014ರಾಗ ಹೆಸರು ಬದಲಾಗೋ ಮುಂಚಿನ ಫೈಲುಗಳು ಹಳೇದ್ರಾಗೇ ಇರ್ತಾವ.